ಯಾರಿಗೆ ಹೆಣೀತಿದ್ದೀರಿ?

ಕಳೆದ ಆಷಾಢದ ಒಂದು ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಕುಣಿಕೆ ಕಳೆದುಹೋಯಿತು. ಚಿನ್ನ ಕಳೆದರೆ ಪೊಲೀಸರಿದ್ದಾರೆ. ಕನ್ನಡಕ ಕಳೆದರೆ ಮೊದಲು ನೆತ್ತಿಯ ಮೇಲೆ ತಡವಿ ನೋಡಬೇಕೆಂಬ ಅನುಭವಜ್ಞಾನವಿದೆ. ಕುಣಿಕೆ ಕಳೆದರೆ ಯಾರನ್ನು ಕೇಳುವುದು? ಹೆಣಿಗೆಯ ಕಡ್ಡಿಯ ಮೇಲೆ 114 ಇರಬೇಕಾದಲ್ಲಿ 113 ಇತ್ತು. ಮತ್ತೆ ಎಣಿಸಿದೆ, 115 ಆಯಿತು. ಸಂತೋಷಪಡುವುದೋ ಬೇಡವೋ ತಿಳಿಯದೆ ಮೂರನೆಯ ಸಲ ಎಣಿಸಿದರೆ ಮತ್ತೆ 113.

ನನ್ನ ಗೊಣಗಾಟ ಕೇಳಿ ಒಳಗಿನಿಂದ ನಮ್ಮೆಜಮಾನರು, "ಏನೇ ಅದು, ಈ ಹೊತ್ತಿನಲ್ಲಿ?" ಎಂದರು.

"ಕುಣಿಕೆ ರೀ. ಎಷ್ಟು ಹುಡುಕಿದರೂ ಒಂದು ಕುಣಿಕೆ ಸಿಗ್ತಾ ಇಲ್ಲ" ಎಂದೆ.

ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವರಿಗೆ ಒಂದು ಪದಕ್ಕೆ ಒಂದೇ ಅರ್ಥ ಹೊಳೆಯುವುದಿಲ್ಲ. ಪಂಚೆ ಬಿಗಿದುಕೊಳ್ಳುತ್ತ ಓಡಿಬಂದರು. ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ, ಮಡಿಲ ತುಂಬ ಬಿಳಿ ಉಣ್ಣೆ ಹರಡಿಕೊಂಡು ಕೂತಿದ್ದ ನನ್ನನ್ನೂ ನೆತ್ತಿಯ ಮೇಲಿನ ಫ್ಯಾನನ್ನೂ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟರು. "ಹೊಲಿಗೆ ಅಂತನಾದರೂ ಅನ್ನಬಾರದೇ" ಎಂದು ಹೇಳಿ ಹೋಗಿ ಮಲಗಿದರು. ಎರಡು ನಿಮಿಷದಲ್ಲಿ ಗೊರಕೆ ಶುರುವಾಯಿತು. ನಾನು ಮಾತ್ರ ಒಂದು ಗಂಟೆಯವರೆಗೆ ಎಣಿಸುತ್ತಲೇ ಇದ್ದೆ.

ಈ ರಗಳೆಗೆಲ್ಲ ಮೂಲ ನನ್ನ ತಂಗಿಯ ಮಗಳು. ಅವಳಿರುವುದು ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ. ಅಲ್ಲಿಂದ ರಾತ್ರಿ ಹಡಗು ಹತ್ತಿದರೆ ಬೆಳಗಾಗುವಾಗ ಶೆಟ್ಲೆಂಡ್ ದ್ವೀಪಗಳ ಲರ್ವಿಕ್ ಊರಿಗೆ ಮುಟ್ಟಿಸುತ್ತದಂತೆ, ನಾವು ಮೈಸೂರಿನಿಂದ ಹುಬ್ಬಳ್ಳಿಗೆ ರಾತ್ರಿ ರೈಲು ಹತ್ತಿದ ಹಾಗೆ. ಹಾಗೆ ಹೋಗಿದ್ದವಳು ಜನವರಿಯಲ್ಲಿ ಊರಿಗೆ ಬರುವಾಗ ನನಗೆಂದು ಐದು ಉಂಡೆ ಉಣ್ಣೆ ತಂದಳು. ಒಂದೊಂದು ಉಂಡೆ 25 ಗ್ರಾಂ. ಐದೂ ಸೇರಿದರೆ ಹೊಟೇಲಿನ ಒಂದು ಪ್ಲೇಟು ಇಡ್ಲಿಯ ತೂಕ. ಎಳೆ ಎಷ್ಟು ಸಣ್ಣದೆಂದರೆ ಕನ್ನಡಕವಿಲ್ಲದೆ ನೋಡಿದರೆ ಉಂಡೆ ಕಾಣಿಸುತ್ತದೆ, ಎಳೆ ಕಾಣಿಸುವುದಿಲ್ಲ. "ದೊಡ್ಡಮ್ಮ, ಇದರಲ್ಲಿ ನೀವು ನಿಮಗೋಸ್ಕರ ಒಂದು ಲೇಸ್ ಶಾಲು ಹೆಣ್ಕೋಬೇಕು. ಬೇರೆ ಯಾರಿಗಾದರೂ ಹೆಣೆದು ಕೊಟ್ಟರೆ ನನ್ನಾಣೆ" ಎಂದಳು.

ಆಣೆ ಹಾಕುವಂಥದ್ದೇನಿತ್ತು ಎಂದು ನೀವು ಕೇಳಬಹುದು. ಇತ್ತು. ನಲವತ್ತೈದು ವರ್ಷಗಳಿಂದ ನಾನು ಹೆಣೆಯುತ್ತಿದ್ದೇನೆ. ನಮ್ಮ ಕಾಲದಲ್ಲಿ ಬ್ಯಾಂಕಿನ ಹೆಂಗಸರೆಲ್ಲ ಹೆಣೆಯುತ್ತಿದ್ದರು. ಊಟದ ಬಿಡುವಿನಲ್ಲಿ ಡಬ್ಬಿ ಮುಚ್ಚಿದ ಕೂಡಲೇ ಚೀಲದಿಂದ ಕಡ್ಡಿಗಳು ಹೊರಬರುತ್ತಿದ್ದವು. ನಮ್ಮ ಬಂಧುಬಳಗದಲ್ಲಿ ಹುಟ್ಟಿದ ಒಂದು ಮಗುವೂ ನನ್ನ ಕುಲಾವಿಯಿಂದ ತಪ್ಪಿಸಿಕೊಂಡಿಲ್ಲ. ಮೈಸೂರಿನ ಏಪ್ರಿಲ್ ಸೆಕೆಯಲ್ಲಿ ಹುಟ್ಟಿದ ಕೂಸುಗಳಿಗೂ ಕುಲಾವಿ, ಕಾಲುಚೀಲ, ಸ್ವೆಟರು ತೊಡಿಸಿ, ಅವು ಕೆಂಪಗಾಗಿ ಕಿರುಚಿದರೆ "ಹಸಿವು" ಎಂದು ತೀರ್ಮಾನಿಸಿದವರು ನಾವು. ಯಜಮಾನರ ಎದೆಸುತ್ತಳತೆ 38 ಇಂಚಿನಿಂದ 42ಕ್ಕೆ ಏರಿದ ಇತಿಹಾಸ ನನ್ನ ಹೆಣಿಗೆ ಪುಸ್ತಕದಲ್ಲಿ ಇಸವಿ ಸಮೇತ ದಾಖಲಾಗಿದೆ. ಮಗ, ಸೊಸೆ, ಮೈದುನ, ನಾದಿನಿ, ಮ್ಯಾನೇಜರ ಹೆಂಡತಿ, ಎಲ್ಲರ ತೋಳಿನ ಉದ್ದವೂ ಅದರಲ್ಲಿದೆ. ನನ್ನ ಹೆಸರಿನ ಪುಟ ಮಾತ್ರ ಇಲ್ಲ.

ಅದು ತ್ಯಾಗವೆಂದು ದಯವಿಟ್ಟು ತಿಳಿಯಬೇಡಿ. ದೋಸೆ ಹುಯ್ಯುವವಳು ಎಲ್ಲರಿಗೂ ಹುಯ್ದು ಕೊನೆಯಲ್ಲಿ ತಾನು ಕೂರುವಾಗ ಹಿಟ್ಟು ಮುಗಿದಿರುತ್ತದಲ್ಲ, ಹಾಗೆ. ಅದರಲ್ಲಿ ಆದರ್ಶ ಒಂದು ಪಾಲು, ಲೆಕ್ಕ ತಪ್ಪಿದ್ದು ಮೂರು ಪಾಲು.

ಉಣ್ಣೆ ಬಂತು, ತಕ್ಕ ಕಡ್ಡಿ ಬೇಕಲ್ಲ. ಶಿವರಾಂಪೇಟೆಯ ಕಡೆಯ ಒಂದು ಉಲ್ಲನ್ ಅಂಗಡಿಗೆ ಹೋದೆ. ಬೇಕಾಗಿದ್ದದ್ದು 4 ಮಿಲಿಮೀಟರಿನದು, ಅಂದರೆ ನಮ್ಮ ಹಳೆಯ ಲೆಕ್ಕದ ಎಂಟನೇ ನಂಬರು. ಬ್ರಿಟಿಷರು ಬಿಟ್ಟುಹೋದ ಈ ಲೆಕ್ಕದಲ್ಲಿ ನಂಬರು ದೊಡ್ಡದಾದಷ್ಟೂ ಕಡ್ಡಿ ಸಣ್ಣದಾಗುತ್ತದೆ. ಸರ್ಕಾರಿ ನೌಕರಿಯಲ್ಲಿ ಹುದ್ದೆ ದೊಡ್ಡದಾದಷ್ಟೂ ಕೆಲಸ ಸಣ್ಣದಾಗುವ ಪದ್ಧತಿಯೂ ಅದೇ ಕಾಲದಲ್ಲಿ ಬಂದಿರಬಹುದು. ಅಂಗಡಿಯವರು ಕಡ್ಡಿ ತೆಗೆಯುತ್ತ ವಾಡಿಕೆಯಂತೆ, "ಯಾರಿಗೆ ಮೇಡಂ? ಮೊಮ್ಮಗುವಿಗಾ?" ಎಂದರು.

"ನನಗೆ" ಅನ್ನಬೇಕಿತ್ತು. ಮೂರೇ ಅಕ್ಷರ, ಕಷ್ಟವೇನಿರಲಿಲ್ಲ. ಆದರೆ ಬಾಯಿಂದ ಬಂದದ್ದು, "ಹೂಂ, ಮೊಮ್ಮಗುವಿಗೆ." ನನಗಿನ್ನೂ ಮೊಮ್ಮಗುವೇ ಇಲ್ಲ!

ಒಂದು ಸುಳ್ಳು ಹೇಳಿದರೆ ಅದು ಒಂಟಿಯಾಗಿ ಇರಲೊಲ್ಲದು, ಜೊತೆ ಹುಡುಕುತ್ತದೆ. ಹೊರಬಾಗಿಲ ಜಗಲಿಯಲ್ಲಿ ಹೆಣೆಯುತ್ತ ಕೂತಿದ್ದಾಗ ಎದುರುಮನೆಯವರು, "ಯಾರಿಗೆ ಹೆಣೀತಿದ್ದೀರಿ?" ಎಂದರು. "ಹೀಗೇ, ಯಾರಿಗಾದರೂ ಆಗುತ್ತೆ" ಎಂದೆ. ಅವರ ಮುಖದಲ್ಲಿ ಒಂದು ಆಸೆ ಮೂಡಿತು. ನಾದಿನಿ ಬಂದು ಉಣ್ಣೆಯನ್ನು ಕೆನ್ನೆಗೆ ಒತ್ತಿಕೊಂಡು, "ಅತ್ತಿಗೆ, ಎಷ್ಟು ಮೆತ್ತಗಿದೆ! ನನಗೆ ಬಿಳಿಯೇ ಇಷ್ಟ ಅಂತ ನಿಮಗೆ ಹೇಗೆ ನೆನಪಿತ್ತು?" ಎಂದಳು. ನಾನು ನಕ್ಕೆ. ನಗುವುದಕ್ಕೆ ಒಪ್ಪಿಗೆ ಎಂಬ ಅರ್ಥವೂ ಇದೆ ಎಂದು ಆಮೇಲೆ ತಿಳಿಯಿತು. ಬೆಂಗಳೂರಿನಿಂದ ಸೊಸೆ ವಿಡಿಯೋ ಕರೆಯಲ್ಲಿ ನೋಡಿ, "ಅತ್ತೆ, ಆಫೀಸಿನ ಎ.ಸಿ.ಗೆ ಸರಿಯಾಗಿದೆ" ಎಂದಳು. ಯುಗಾದಿಯ ಹೊತ್ತಿಗೆ ಇನ್ನೂ ಒಂದು ಗೇಣು ಮುಗಿಯದ ಶಾಲಿಗೆ ಮೂವರು ಹಕ್ಕುದಾರರು, ಒಬ್ಬ ಹುಟ್ಟದ ಮೊಮ್ಮಗು.

ನನಗೇಕೆ ಆ ಪದ ಬಾಯಿಗೆ ಬರಲಿಲ್ಲ ಎಂದು ಯೋಚಿಸಿದ್ದೇನೆ. ತಪ್ಪು ನಮ್ಮ ನಾಡಿನ ಪದ್ಧತಿಯಲ್ಲೂ ಸ್ವಲ್ಪ ಇದೆ. ನಮ್ಮಲ್ಲಿ ಶಾಲನ್ನು ಯಾರೂ ತಾವಾಗಿ ಹೊದೆಯುವುದಿಲ್ಲ. ಇನ್ನೊಬ್ಬರು ಹೊದಿಸಬೇಕು. ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಫಲಕ, ಇವುಗಳ ಜೊತೆ ವೇದಿಕೆಯ ಮೇಲೆ ಚಪ್ಪಾಳೆಯ ನಡುವೆ ಅದು ಹೆಗಲಿಗೆ ಬರಬೇಕು. ನಮ್ಮೆಜಮಾನರು ಕರೆದಲ್ಲಿಗೆ ಹೋಗಿ ಎರಡು ಮಾತಾಡುವವರಾದ್ದರಿಂದ ಅಟ್ಟದ ಟ್ರಂಕಿನಲ್ಲಿ ಅಂಥ ಶಾಲುಗಳು ನಲವತ್ತಮೂರು ಇವೆ. ಜರಿ ಮಿಂಚುವ, ಮುಟ್ಟಿದರೆ ಚರಚರ ಎನ್ನುವ ಆ ಶಾಲುಗಳಲ್ಲಿ ಚಳಿ ಹೋಗುವುದಿಲ್ಲ, ಸೆಕೆಯಂತೂ ಆಗುತ್ತದೆ. ಒಂದು ನಮ್ಮ ಮಿಕ್ಸಿಯನ್ನು ಹೊದ್ದಿದೆ, ಒಂದು ಗ್ಯಾಸ್ ಸಿಲಿಂಡರನ್ನು. ದಸರಾ ಬಂತೆಂದರೆ ಹತ್ತು ಹನ್ನೆರಡು ಶಾಲುಗಳು ಗೊಂಬೆಗಳ ಮೆಟ್ಟಿಲೇರಿ ಪಟ್ಟದ ಗೊಂಬೆಗಳ ಕಾಲಡಿಯಲ್ಲಿ ಸಾರ್ಥಕವಾಗುತ್ತವೆ. ನಾನು ನಿವೃತ್ತಳಾದ ದಿನ ನನಗೂ ಒಂದನ್ನು ಹೊದಿಸಿದ್ದರು. ಅದು ಈಗ ಹೊಲಿಗೆ ಯಂತ್ರದ ಮೇಲಿದೆ. ಇಂಥ ನಾಡಿನಲ್ಲಿ ಒಬ್ಬಳು ತನಗೆ ತಾನೇ ಶಾಲು ಹೆಣೆದುಕೊಂಡು ತಾನೇ ಹೊದ್ದುಕೊಂಡರೆ ಅದು ತನಗೆ ತಾನೇ ಸನ್ಮಾನ ಮಾಡಿಕೊಂಡಂತೆ. ಹಾಗೆ ಮಾಡಿಕೊಳ್ಳುವವರು ಇಲ್ಲವೆಂದಲ್ಲ. ಆದರೆ ಅವರು ಕನಿಷ್ಠ ಒಂದು ಸಂಘವನ್ನು ಮುಂದಿಟ್ಟುಕೊಂಡು ಮಾಡುತ್ತಾರೆ.

ಶಾಲಿನ ಉದ್ದವನ್ನು ನಿರ್ಧರಿಸುವಾಗಲೂ ಹೀಗೇ ಪೇಚಾಟ. ಎರಡು ಕೈಗಳನ್ನು ಚಾಚಿದರೆ ಎಷ್ಟಾಗುತ್ತದೋ ಅದಕ್ಕಿಂತ ಸ್ವಲ್ಪ ಹೆಚ್ಚಿರಬೇಕು ಎಂದು ತಂಗಿಯ ಮಗಳು ಹೇಳಿದ್ದಳು. ಅಂದರೆ ಮಾರು! ಜನ್ಮವಿಡೀ ಹೂವಾಡಗಿತ್ತಿಯ ಮೊಳದಲ್ಲಿ ಮಲ್ಲಿಗೆ, ಹಬ್ಬಕ್ಕೆ ಮಾರುಗಟ್ಟಲೆ ಸೇವಂತಿಗೆ ಕೊಂಡಿದ್ದೇನೆ, ಅವಳ ಕೈ ಗಿಡ್ಡ ಎಂದು ಜಗಳವನ್ನೂ ಆಡಿದ್ದೇನೆ. ನನ್ನದೇ ಮಾರು ಎಷ್ಟೆಂದು ನೋಡಿರಲಿಲ್ಲ. ನಡುಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕೈ ಚಾಚಿ ನಿಂತೆ. ತೊಂಬತ್ತರ ಅತ್ತೆ ಟೇಪಿನ ಒಂದು ತುದಿ ಹಿಡಿದು, "ಏನು ಶಿಲುಬೆಗೆ ಏರ್ತಿದ್ದೀಯೇನೇ?" ಎಂದರು. 61 ಇಂಚು ಬಂತು. ಒಂದು ಮಾರು, ಮೇಲೊಂದು ಗೇಣು ಎಂದರೆ ಹೆಚ್ಚುಕಡಿಮೆ ಆರಡಿ. ಪುಸ್ತಕದಲ್ಲಿ ಹೊಸ ಪುಟ ತೆರೆದು ಬರೆದುಕೊಂಡೆ. ಹೆಸರಿನ ಜಾಗದಲ್ಲಿ "ನಾನು" ಎಂದು ಬರೆಯಲು ಸಂಕೋಚವಾಗಿ "ಸ್ವಂತ" ಎಂದು ಬರೆದೆ. ಬ್ಯಾಂಕಿನ ಚೆಕ್ಕಿನ ಮೇಲೆ ಬರೆದು ಬರೆದು ಅಭ್ಯಾಸ.

ಇನ್ನು ಹೆಣಿಗೆಯ ವಿಷಯ. ನಾನು ಆರಿಸಿಕೊಂಡ ವಿನ್ಯಾಸಕ್ಕೆ ಓಲ್ಡ್ ಶೇಲ್ ಎಂದು ಹೆಸರು. ಶೆಟ್ಲೆಂಡಿನ ಹೆಂಗಸರು ತಲೆಮಾರುಗಳಿಂದ ಹೆಣೆಯುತ್ತ ಬಂದದ್ದು, ನೋಡಲು ದಡಕ್ಕೆ ಬಂದು ಬಂದು ಮಡಚಿಕೊಳ್ಳುವ ಅಲೆಗಳ ಹಾಗಿರುತ್ತದೆ. ಅವರ ವಿನ್ಯಾಸಗಳ ಹೆಸರುಗಳೇ ಚೆಂದ: ಬೆಕ್ಕಿನ ಪಂಜ, ಹಕ್ಕಿಯ ಕಣ್ಣು, ಕುದುರೆಯ ಲಾಳ, ಜೇಡರ ಬಲೆ. ನಮ್ಮ ರಂಗೋಲಿ ಪುಸ್ತಕ ಇದ್ದ ಹಾಗೆಯೇ. ಚೌಕುಳಿ ಕಾಗದದ ಮೇಲೆ ಚುಕ್ಕಿ ಗೀಟು ಹಾಕಿ ತೋರಿಸುವ ರೀತಿಯೂ ಅದೇ. ಹದಿನೈದು ಚುಕ್ಕಿ ಇಟ್ಟು ಎಂಟಕ್ಕೆ ನಿಲ್ಲಿಸಿ ಸಂದುಚುಕ್ಕಿ ರಂಗೋಲಿ ಬಿಟ್ಟ ನನಗೆ ಇದ್ಯಾವ ಮಹಾ ಎಂದುಕೊಂಡೆ. ರಂಗೋಲಿ ತಪ್ಪಿದರೆ ಕಾಲಲ್ಲಿ ಅಳಿಸಬಹುದೆಂಬ ವ್ಯತ್ಯಾಸ ಆಗ ತೋಚಲಿಲ್ಲ.

ಲೇಸಿನ ಗುಟ್ಟು ಇಷ್ಟೇ. ಕಡ್ಡಿಗೆ ದಾರವನ್ನು ಸುಮ್ಮನೆ ಒಂದು ಸುತ್ತು ಸುತ್ತಿದರೆ ಅಲ್ಲೊಂದು ಹೊಸ ಕುಣಿಕೆ ಹುಟ್ಟುತ್ತದೆ, ಅದರಡಿಯಲ್ಲಿ ಒಂದು ತೂತು ಉಳಿಯುತ್ತದೆ. ಹಾಗೆ ಹೆಚ್ಚಿದ್ದನ್ನು ಸರಿದೂಗಿಸಲು ಬೇರೆಲ್ಲೋ ಎರಡು ಕುಣಿಕೆಗಳನ್ನು ಜೋಡಿಸಿ ಒಂದಾಗಿ ಹೆಣೆಯಬೇಕು. ಓಲ್ಡ್ ಶೇಲಿನಲ್ಲಿ 18 ಕುಣಿಕೆಗಳದು ಒಂದು ಸಂಸಾರ. ಮೊದಲು ಮೂರು ಜೋಡಿಗಳನ್ನು ಒಂದೊಂದಾಗಿಸು. ಆಮೇಲೆ ದಾರ ಸುತ್ತಿ ಒಂದು ಹೆಣೆ, ಹೀಗೆ ಆರು ಸಲ. ಕೊನೆಗೆ ಮತ್ತೆ ಮೂರು ಜೋಡಿ. ಆರು ಕಳೆಯಿತು, ಆರು ಕೂಡಿತು, 18 ಹದಿನೆಂಟಾಗಿಯೇ ಉಳಿಯಿತು. ನನ್ನ ಶಾಲಿನ ಅಗಲಕ್ಕೆ ಇಂಥ ಆರು ಸಂಸಾರ, ಎರಡು ಅಂಚಿಗೆ ಮೂರು ಮೂರು ಕಾವಲುಗಾರರು, ಒಟ್ಟು 114. ನಾಲ್ಕು ಸಾಲಿಗೊಮ್ಮೆ ಮಾತ್ರ ಈ ಕಸರತ್ತು. ಉಳಿದ ಮೂರು ಸಾಲು ಸಾದಾ. ಆದ್ದರಿಂದ ಟಿ.ವಿ. ಧಾರಾವಾಹಿಯನ್ನು ಮುಕ್ಕಾಲು ಪಾಲು ನೋಡಬಹುದು. ಸೊಸೆ ಪಾಯಸಕ್ಕೆ ವಿಷ ಹಾಕಿದ್ದು ನನಗೆ ಗೊತ್ತಾಗಿತ್ತು. ಅದನ್ನು ಕುಡಿದವರು ಯಾರೆಂಬುದು ನಾಲ್ಕನೆಯ ಸಾಲಿನಲ್ಲಿ ಬಂದದ್ದರಿಂದ ಇಂದಿಗೂ ಗೊತ್ತಿಲ್ಲ.

ಜಮಾ ಖರ್ಚು ಸರಿಹೋಗುವ ಈ ವ್ಯವಹಾರ ನೋಡಿ ನನಗೆ ಸಹಜವಾಗಿಯೇ ಜಂಬ ಬಂದಿತ್ತು. ನಾನು ಕಂಪ್ಯೂಟರಿಗೆ ಮುಂಚಿನ ಬ್ಯಾಂಕಿನವಳು. ಲೆಡ್ಜರಿನಲ್ಲಿ ಹತ್ತು ಪೈಸೆ ಹೊಂದದಿದ್ದರೆ ರಾತ್ರಿ ಎಂಟಾದರೂ ಮನೆಗೆ ಹೋಗುವಂತಿಲ್ಲ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾರೋ ಅಂಕಿ ಅದಲುಬದಲು ಮಾಡಿದ್ದಾರೆ, 54 ಬರೆಯುವಲ್ಲಿ 45 ಬರೆದಿದ್ದಾರೆ ಎಂದು ಹಿಡಿಯುತ್ತಿದ್ದೆವು. ಸಮಸಂಖ್ಯೆಯಾದರೆ ಅದರ ಅರ್ಧದ ಮೊತ್ತ ಜಮೆಗೆ ಹೋಗುವ ಬದಲು ಖರ್ಚಿಗೆ ಹೋಗಿದೆಯೇ ನೋಡುತ್ತಿದ್ದೆವು. ಏನು ಮಾಡಿದರೂ ಸಿಗದಿದ್ದರೆ ಕೊನೆಗೊಂದು ಪುಣ್ಯಾತ್ಮ ಖಾತೆ ಇರುತ್ತಿತ್ತು, ಸಸ್ಪೆನ್ಸ್ ಅಕೌಂಟು. ತಲೆಬುಡ ತಿಳಿಯದ ವ್ಯತ್ಯಾಸವನ್ನು ಸದ್ಯಕ್ಕೆ ಅದರಲ್ಲಿ ಹಾಕಿ ದೀಪ ಆರಿಸಿ ಮನೆಗೆ ಹೋಗುವುದು, ಮುಂದೆ ಯಾವತ್ತೋ ಆಡಿಟ್‌ನವರು ಬಂದಾಗ ಬೈಸಿಕೊಳ್ಳುವುದು.

ಹೆಣಿಗೆಯಲ್ಲೂ ಆಪತ್ತಿಗೊಂದು ಉಪಾಯವಿದೆ. ಹತ್ತಿಪ್ಪತ್ತು ಸಾಲಿಗೊಮ್ಮೆ ಎಲ್ಲ ಕುಣಿಕೆಗಳ ಮೂಲಕ ಬೇರೆ ಬಣ್ಣದ ಹೊಲಿಗೆದಾರವೊಂದನ್ನು ಹಾಯಿಸಿ ಬಿಡಬೇಕು. ತಪ್ಪಾದರೆ ಅಲ್ಲಿಯವರೆಗೆ ಮಾತ್ರ ಬಿಚ್ಚಿ ಮತ್ತೆ ಶುರುಮಾಡಬಹುದು. ಇದಕ್ಕೆ ಜೀವದಾರ ಎಂದು ನಾನೇ ಹೆಸರಿಟ್ಟೆ. ಹೆಸರಿಟ್ಟೆನೇ ಹೊರತು ಹಾಕಲಿಲ್ಲ. ನಲವತ್ತೈದು ವರ್ಷ ಹೆಣೆದವಳಿಗೆ ಅದೆಲ್ಲ ಯಾಕೆ ಎಂಬ ಪೊಗರು. ಮೇ ತಿಂಗಳಲ್ಲಿ ಒಂದು ದಿನ ಕರೆಂಟು ಹೋದಾಗ ಕತ್ತಲಲ್ಲೇ ಎರಡು ಸಾಲು ಹೆಣೆದೆ. ಕರೆಂಟು ಬಂದಾಗ ಶಾಲಿನ ನಡುವೆ ಓಲ್ಡ್ ಶೇಲೂ ಅಲ್ಲದ, ಬೆಕ್ಕಿನ ಪಂಜವೂ ಅಲ್ಲದ, ನಿಜವಾದ ಬೆಕ್ಕೇ ಬಂದು ಹೋದಂಥ ಒಂದು ಆಕೃತಿ ಇತ್ತು. ಬಿಚ್ಚಲು ಹೋಗಿ ನಲವತ್ತು ಸಾಲು ಕೈಬಿಟ್ಟು ಹೋಯಿತು. ಬಿಚ್ಚುವಾಗ ಉಣ್ಣೆ ಎಷ್ಟು ಸಲೀಸಾಗಿ ಬರುತ್ತದೆ! ತಿಂಗಳು ಕಟ್ಟಿದ್ದು ಅತ್ತೆಯವರು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಉಂಡೆಯಾಯಿತು.

ಅತ್ತೆ ಎಲ್ಲವನ್ನೂ ನೋಡುತ್ತಲೇ ಇದ್ದರು. "ಅಲ್ಲವೇ, ಹೆಣೆಯೋದು ತೂತು ಮುಚ್ಚಲಿಕ್ಕೋ, ಮಾಡಲಿಕ್ಕೋ?" ಎಂದರು. ಅವರ ತಂದೆಯವರದು ಚಿತ್ರದುರ್ಗದ ಕಡೆ ಹಳ್ಳಿ. ಕುರುಬರ ಕರಿಕಂಬಳಿಯೇ ಅವರಿಗೆ ಉಣ್ಣೆಯ ವಿಷಯದಲ್ಲಿ ಕೊನೆಯ ಮಾತು. ಆ ಕಂಬಳಿಯ ಎಳೆಗಳಿಗೆ ಹುಣಸೆಬೀಜದ ಗಂಜಿ ಹಾಕಿ ಗಟ್ಟಿ ಮಾಡುತ್ತಾರೆ. ಕೊಪ್ಪೆ ಹಾಕಿಕೊಂಡು ನಿಂತರೆ ಮಳೆ ಒಳಗಿಳಿಯದು. ರಾತ್ರಿ ಹಾಸಿಗೆ, ಬೆಳಿಗ್ಗೆ ಹೊದಿಕೆ, ಸುಗ್ಗಿಯಲ್ಲಿ ಕಾಳು ಕಟ್ಟುವ ಮೂಟೆ. ಮಗುವಿನ ಮೈಗೆ ಚುಚ್ಚುತ್ತದಲ್ಲ ಎಂದರೆ, "ಚುಚ್ಚಬೇಕು, ಆಗಲೇ ಮಕ್ಕಳು ಬೇಗ ಏಳೋದು" ಎನ್ನುತ್ತಾರೆ. ಇಂಥವರ ಎದುರು ಕೂತು ನಾನು ಐವತ್ತು ಸಾವಿರ ಕುಣಿಕೆಗಳ ಗಾಳಿಬಲೆ ನೇಯುತ್ತಿದ್ದೆ. ಐವತ್ತು ಸಾವಿರ ಬಾಯಿಮಾತಿನ ಲೆಕ್ಕವಲ್ಲ. 114 ಕುಣಿಕೆಯ 432 ಸಾಲು, ಗುಣಿಸಿದರೆ 49,248. ನಮ್ಮಮ್ಮ ಇಷ್ಟು ಹೊತ್ತನ್ನು ರಾಮಕೋಟಿ ಬರೆಯಲು ಕೊಟ್ಟಿದ್ದರು. ಪುಣ್ಯದ ಲೆಕ್ಕದಲ್ಲಿ ನಾನು ಹಿಂದೆ ಬಿದ್ದಿರುವುದು ನಿಜ.

ಈಗ ಆ ಆಷಾಢದ ರಾತ್ರಿಗೆ ಹಿಂತಿರುಗೋಣ. ಅಷ್ಟು ಹೊತ್ತಿಗೆ ಶಾಲು ಅರ್ಧಕ್ಕಿಂತ ಹೆಚ್ಚು ಆಗಿತ್ತು. ಒಂದು ಕುಣಿಕೆಗಾಗಿ ಮತ್ತೆ ಬಿಚ್ಚುವ ಧೈರ್ಯವಿರಲಿಲ್ಲ. ಆರೂ ಸಂಸಾರಗಳನ್ನು ಒಂದೊಂದಾಗಿ ವಿಚಾರಿಸಿದೆ. ಐದನೆಯದರಲ್ಲಿ 17 ಜನರಿದ್ದರು. ಎಲ್ಲೋ ಕೆಳಗಿನ ಸಾಲಿನಲ್ಲಿ ದಾರ ಸುತ್ತುವುದನ್ನು ಮರೆತಿದ್ದೆ. ಆದರೆ ಎಲ್ಲಿ? ಒಂದು ಗಂಟೆಗೆ, ಕಣ್ಣು ಮಂಜಾದಾಗ, ಮೂವತ್ತನಾಲ್ಕು ವರ್ಷದ ಸೇವೆ ನೆನಪಿಗೆ ಬಂತು. ಎರಡು ಕುಣಿಕೆಗಳ ನಡುವಿನ ಎಳೆಯನ್ನು ಮೆಲ್ಲಗೆ ಎತ್ತಿ, ತಿರುಚಿ, ಕಡ್ಡಿಗೆ ಏರಿಸಿ ಹೊಸ ಕುಣಿಕೆಯೊಂದನ್ನು ಹುಟ್ಟಿಸಿಬಿಟ್ಟೆ. 114. ಸಸ್ಪೆನ್ಸ್ ಅಕೌಂಟಿಗೆ ಹಾಕಿ, ದೀಪ ಆರಿಸಿ ಮಲಗಿದೆ. ಆ ಜಾಗದಲ್ಲಿ ಒಂದು ಅಲೆ ಸ್ವಲ್ಪ ಎಡಕ್ಕೆ ವಾಲಿತು. ಸಮುದ್ರದಲ್ಲಿ ಎಲ್ಲ ಅಲೆಗಳೂ ನೆಟ್ಟಗೆ ಬರುತ್ತವೆಯೇ?

ಹೆಣೆದು ಮುಗಿದದ್ದು ಮಹಾಲಯ ಅಮಾವಾಸ್ಯೆಗೆ. ಗೊಂಬೆ ಕೂರಿಸುವ ಗಡಿಬಿಡಿ ಇತ್ತು, ಮುಂದಿನ ಕೆಲಸ ವಿಜಯದಶಮಿ ಕಳೆದ ಮೇಲೆ. ಕಡ್ಡಿಯಿಂದ ಇಳಿಸಿದ ಲೇಸು ನೋಡಲು ಹಿಂಡಿ ಬಿಸಾಡಿದ ಪಾತ್ರೆ ಒರೆಸುವ ಬಟ್ಟೆಯ ಹಾಗೆ ಇರುತ್ತದೆ. ಅದನ್ನು ನೀರಲ್ಲಿ ನೆನೆಸಿ, ನೀರು ಹೀರಿಸಿ, ಎಳೆದು ಹರವಿ, ಅಂಚಿನುದ್ದಕ್ಕೂ ಗುಂಡುಸೂಜಿ ಚುಚ್ಚಿ ಒಣಗಲು ಬಿಡಬೇಕು. ಶೆಟ್ಲೆಂಡಿನಲ್ಲಿ ಇದಕ್ಕೆಂದೇ ಮರದ ಚೌಕಟ್ಟುಗಳಿದ್ದವು. ನನ್ನ ಬಳಿ ಇದ್ದದ್ದು ನಮ್ಮ ಡಬಲ್ ಕಾಟ್. ಅಪ್ಪಟ ಉಣ್ಣೆಗೆ ಒಂದು ಗುಣವಿದೆ, ಒದ್ದೆಯಲ್ಲಿ ಎಳೆದು ಹೇಗೆ ಒಣಗಿಸಿದರೆ ಹಾಗೇ ನಿಲ್ಲುತ್ತದೆ. ಎಣ್ಣೆಗೆ ಬಿದ್ದ ಹಪ್ಪಳ ಅರಳಿದಂತೆ ಆ ಚಿಂದಿ ಕಣ್ಣೆದುರೇ ಅರಳಿತು. ಒಂದೊಂದು ತೂತೂ ಕಣ್ಣು ಬಿಟ್ಟಿತು. ಇನ್ನೂರು ಗುಂಡುಸೂಜಿ ನೆಟ್ಟ ಮಂಚವನ್ನು ನೋಡಿ ನಮ್ಮೆಜಮಾನರು, "ಈ ಶರಶಯ್ಯೆಯ ಮೇಲೆ ನಾನು ಉತ್ತರಾಯಣದವರೆಗೆ ಮಲಗಬೇಕೋ?" ಎಂದು ಕೇಳಿ ದಿಂಬು ತೆಗೆದುಕೊಂಡು ನಡುಮನೆಗೆ ಹೋದರು.

ಒಣಗಿದ ಮೇಲೆ ಪರೀಕ್ಷೆ. ಶೆಟ್ಲೆಂಡಿನ ಉತ್ತರದ ತುದಿಯಲ್ಲಿ ಅನ್ಸ್ಟ್ ಎಂಬ ದ್ವೀಪವಿದೆ. ಅಲ್ಲಿಯ ಹೆಂಗಸರು ಕುರಿಯ ಕತ್ತಿನ ನವಿರು ಉಣ್ಣೆಯನ್ನು ಕೈಯಲ್ಲೇ ಬಿಡಿಸಿ, ಕೂದಲೆಳೆಯಂತೆ ನೂತು, ಆರಡಿ ಚದರದ ಶಾಲು ಹೆಣೆದರೆ ಅದು ಮದುವೆಯ ಉಂಗುರದೊಳಗೆ ತೂರಿ ಬರುತ್ತಿತ್ತು. ರಷ್ಯಾದ ಒರೆನ್‌ಬರ್ಗಿನಲ್ಲಿ ಮೇಕೆಯ ತುಪ್ಪಳದಲ್ಲಿ ಹೆಣೆಯುವವರೂ, ಎಸ್ಟೋನಿಯಾದ ಹಾಪ್ಸಲುವಿನವರೂ ಇದೇ ಉಂಗುರದ ಮಾತು ಹೇಳುತ್ತಾರೆ. ನಾನೂ ಉಂಗುರ ತೆಗೆಯಲು ಹೋದೆ. ನಿಶ್ಚಿತಾರ್ಥದಲ್ಲಿ ತೊಡಿಸಿದ್ದು, ಬೆರಳು ಅದನ್ನು ತನ್ನದೇ ಅಂಗವೆಂದು ತಿಳಿದಿದೆ. ಸೋಪು ಹಚ್ಚಿದೆ, ತುಪ್ಪ ಹಚ್ಚಿದೆ. ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತೇ ಹೊರತು ಉಂಗುರ ಕದಲಲಿಲ್ಲ. ನಮ್ಮಲ್ಲಿ ಮದುವೆಯ ಉಂಗುರವೆಂದರೆ ಕಾಲುಂಗುರವಲ್ಲವೇ ಎಂದು ಅದನ್ನು ತೆಗೆದೆ. ಅದರ ಬಾಯಿ ಬಿಟ್ಟಿರುತ್ತದೆ, ಉಣ್ಣೆ ಸಿಕ್ಕಿಕೊಂಡರೆ ಎಂಟು ತಿಂಗಳ ಕೆಲಸ ಹರಿದು ಹೋದೀತು. ಕೊನೆಗೆ ಕೈಯ ಗಾಜಿನ ಬಳೆಯೊಂದನ್ನು ತೆಗೆದು ಹಿಡಿದೆ. ಶಾಲು ಸರ್ರನೆ ದಾಟಿತು. ಅತ್ತೆಗೆ ಸಂಭ್ರಮದಿಂದ ತೋರಿಸಿದೆ. "ಬಳೆಯೊಳಗೆ ನನ್ನ ಸೀರೆಯೂ ದಾಟುತ್ತೆ" ಎಂದರು. ದಾಟಿಸಿಯೂ ತೋರಿಸಿದರು.

ಹ್ಯಾಪುಮೋರೆ ಹಾಕಿಕೊಂಡು ತಂಗಿಯ ಮಗಳಿಗೆ ಫೋನು ಮಾಡಿದೆ. ಅವಳು ನಕ್ಕು, "ದೊಡ್ಡಮ್ಮ, ಓಲ್ಡ್ ಶೇಲ್ ಉಂಗುರದ ಶಾಲಿಗಿಂತ ಹೆಚ್ಚಾಗಿ ಹ್ಯಾಪಿನದು" ಎಂದಳು. ನನ್ನ ಮೋರೆ ಅವಳಿಗೆ ಅಲ್ಲಿಂದಲೇ ಕಾಣಿಸಿತೇ ಎಂದು ಗಾಬರಿಯಾಯಿತು. ಹ್ಯಾಪ್ ಎಂದರೆ ಅವರ ಭಾಷೆಯಲ್ಲಿ ಹೊದ್ದುಕೊಳ್ಳುವುದಂತೆ, ದಿನಬಳಕೆಯ ಸಾದಾ ಶಾಲಂತೆ. ಆಮೇಲೆ ಉಳಿದ ಕತೆ ಹೇಳಿದಳು. ಮಹಾರಾಣಿ ವಿಕ್ಟೋರಿಯಾ ಶೆಟ್ಲೆಂಡಿನ ಹೆಣಿಗೆಯನ್ನು ಮೆಚ್ಚಿದ್ದಳು, ಲಂಡನ್ನಿನ 1851ರ ಮಹಾಪ್ರದರ್ಶನದಲ್ಲಿ ಅದು ಮೆರೆಯಿತು, ಸಿರಿವಂತರ ಮನೆಗಳಲ್ಲಿ ಬೇಡಿಕೆ ಏರಿತು. ಹೆಣೆದವರಿಗೆ ಸಿಕ್ಕಿದ್ದೇನು? ವ್ಯಾಪಾರಿಗಳು ಹಣದ ಬದಲು ಅಂಗಡಿಯ ಚಹಾಪುಡಿ, ಬಟ್ಟೆ ಕೊಟ್ಟು ಕಳಿಸುತ್ತಿದ್ದರು. 1872ರಲ್ಲಿ ಸರ್ಕಾರವೇ ಅದರ ಮೇಲೆ ವಿಚಾರಣೆ ನಡೆಸಬೇಕಾಯಿತು. ಬೆನ್ನ ಮೇಲೆ ಉರುವಲಿನ ಬುಟ್ಟಿ ಹೊತ್ತು ಮೈಲಿಗಟ್ಟಲೆ ನಡೆಯುವಾಗಲೂ ಆ ಹೆಂಗಸರ ಕೈಯಲ್ಲಿ ಕಡ್ಡಿ ಆಡುತ್ತಲೇ ಇರುತ್ತಿತ್ತು. ಉಂಗುರದ ಶಾಲು ಪರರ ಹೆಗಲಿಗೆ ಹೋಗುತ್ತಿತ್ತು. ತಮ್ಮ ಚಳಿಗೆ, ತಮ್ಮ ಮಕ್ಕಳ ಚಳಿಗೆ ಅವರು ಹೆಣೆದುಕೊಂಡದ್ದು ಹ್ಯಾಪು, ಅದರ ಅಂಚಿಗೆ ಇದೇ ಅಲೆಗಳು.

ನಾನು ಫೋನಿಟ್ಟು ಶಾಲನ್ನು ಮೊದಲ ಸಲ ಹೊದ್ದುಕೊಂಡೆ. ಹೊದ್ದಿದ್ದೇನೆಂದು ತಿಳಿಯದಷ್ಟು ಹಗುರ. ಆದರೆ ಎರಡು ನಿಮಿಷದಲ್ಲಿ ಹೆಗಲು ಬೆಚ್ಚಗಾಯಿತು. ಎಳೆಗಳ ನಡುವೆ ಗಾಳಿ ನಿಂತು ಬೆಚ್ಚಗಿಡುತ್ತದೆ ಎಂದು ಅತ್ತೆಗೆ ವಿವರಿಸಿದೆ. "ಹಾಗಾದರೆ ಸೊಳ್ಳೆಪರದೆಯನ್ನೇ ಹೊದೆಯಬಹುದಿತ್ತು" ಎಂದರು.

ಅಷ್ಟರಲ್ಲಿ ನವೆಂಬರ್ ಬಂತು. ನವೆಂಬರ್ ಎಂದರೆ ರಾಜ್ಯೋತ್ಸವ, ರಾಜ್ಯೋತ್ಸವವೆಂದರೆ ಬಡಾವಣೆಗೊಂದು ಸನ್ಮಾನ. ನಮ್ಮೆಜಮಾನರಿಗೂ ಒಂದು ಗೊತ್ತಾಯಿತು. "ಈ ಸಲ ದಂಪತಿ ಸಮೇತ ಬರಬೇಕಂತೆ" ಎಂದರು. ಸಂಜೆ ಬಯಲು ರಂಗಮಂದಿರ, ಸಣ್ಣಗೆ ಚಳಿ. ಕನಕಾಂಬರ ಬಣ್ಣದ ರೇಷ್ಮೆ ಸೀರೆಯ ಮೇಲೆ ನನ್ನ ಬಿಳಿ ಶಾಲು ಹೊದ್ದು, ಮಡಿಕೆ ಸರಿಪಡಿಸಿಕೊಂಡು ವೇದಿಕೆ ಹತ್ತಿದೆ. ಮುಂದಿನ ಸಾಲಿನ ಹೆಂಗಸರಿಬ್ಬರು ಒಬ್ಬರನ್ನೊಬ್ಬರು ತಿವಿದು ನನ್ನ ಕಡೆ ತೋರಿಸಿದ್ದನ್ನು ಕಂಡೆ. ಎಂಟು ತಿಂಗಳು ಸಾರ್ಥಕವಾಯಿತು ಎಂದುಕೊಳ್ಳುವಷ್ಟರಲ್ಲಿ ಸಂಘದ ಅಧ್ಯಕ್ಷರು ಹಿಂದಿನಿಂದ ಬಂದು, ಕೆಂಪು ಬಣ್ಣದ, ಬೊಗಸೆಯಗಲ ಜರಿಯಂಚಿನ, ಚರಚರ ಎನ್ನುವ ಶಾಲೊಂದನ್ನು ನನ್ನ ಶಾಲಿನ ಮೇಲೆಯೇ ಹೊದಿಸಿಬಿಟ್ಟರು. 49,248 ಕುಣಿಕೆಗಳು ಒಂದೇ ಏಟಿಗೆ ಮುಳುಗಿದವು. ಚಪ್ಪಾಳೆ ಬಿತ್ತು. ನಾನು ಕೈಮುಗಿದೆ.

ಆ ಕೆಂಪು ಶಾಲನ್ನು ನಾದಿನಿಗೆ ಕೊಟ್ಟೆ. ಬಿಳಿಯದು ನನ್ನದೇ ಎಂದು ಅವತ್ತು ಹೇಗೋ ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅವಳಿಗೆ ಬೇಜಾರೇನೂ ಆಗಲಿಲ್ಲ. "ಇದೇ ಚೆನ್ನಾಗಿದೆ ಬಿಡಿ ಅತ್ತಿಗೆ, ಗಟ್ಟಿಯಾಗಿದೆ, ತೂತಿಲ್ಲ" ಎಂದಳು. ಸೊಸೆಯ ಆಫೀಸಿನವರು ಮನೆಯಿಂದಲೇ ಕೆಲಸ ಮಾಡಲು ಹೇಳಿದ್ದರಿಂದ ಎ.ಸಿ.ಯ ಪ್ರಶ್ನೆ ಉಳಿಯಲಿಲ್ಲ. ಎದುರುಮನೆಯವರಿಗೆ ಒಂದು ಕುಲಾವಿ ಹೆಣೆದುಕೊಡುತ್ತಿದ್ದೇನೆ.

ಸನ್ಮಾನದ ಮರುದಿನ ಸ್ಥಳೀಯ ಪತ್ರಿಕೆಯ ಮೂರನೆಯ ಪುಟದಲ್ಲಿ ಫೋಟೋ ಬಂದಿತ್ತು. ಬೆಳಗಿನ ಚಳಿಗೆ ಹ್ಯಾಪು ಹೊದ್ದು ಜಗಲಿಯಲ್ಲಿ ಕಾಫಿ ಹಿಡಿದು ಕೂತವಳು ಕನ್ನಡಕ ಏರಿಸಿ ನೋಡಿದೆ. ಪೇಟ, ಹಾರ, ಫಲಕ, ಎಲ್ಲ ಇದ್ದವು. ನನ್ನ ಭುಜದ ಹತ್ತಿರ, ಕೆಂಪು ಶಾಲಿನ ಅಂಚಿನ ಕೆಳಗೆ, ಎರಡು ಬೆರಳಗಲದಷ್ಟು ಬಿಳಿ ಇಣುಕುತ್ತಿತ್ತು. ಒಂದೇ ಒಂದು ಅಲೆ. ಹತ್ತಿರ ಹಿಡಿದೆ. ಅಲೆ ಸ್ವಲ್ಪ ಎಡಕ್ಕೆ ವಾಲಿತ್ತು. ಮೈಮೇಲಿದ್ದ ಶಾಲನ್ನು ಮುಂದಕ್ಕೆಳೆದುಕೊಂಡು ಸಾಲು ಎಣಿಸಿ ತಾಳೆ ನೋಡಿದೆ, ಸಂಶಯವೇ ಇಲ್ಲ. ಆಷಾಢದ ರಾತ್ರಿ ಒಂದು ಗಂಟೆಗೆ ಸಸ್ಪೆನ್ಸ್ ಅಕೌಂಟಿಗೆ ಹಾಕಿದ್ದು ಆಡಿಟ್‌ನವರಿಗಿಂತ ಮೊದಲು ಪತ್ರಿಕೆಯವರಿಗೆ ಸಿಕ್ಕಿಬಿದ್ದಿತ್ತು.

ನಮ್ಮೆಜಮಾನರು ಪತ್ರಿಕೆಯನ್ನು ಕೈಯಿಂದ ತೆಗೆದುಕೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಶಾಲು ಚೆನ್ನಾಗಿ ಬಂದಿದೆ ಕಣೇ" ಎಂದರು.

ಯಾವ ಶಾಲು ಎಂದು ನಾನು ಕೇಳಲಿಲ್ಲ.